ಲಾರಿಗೆ ಜ್ವರ ಬಂದಾಗ

ಮಕ್ಕಳೇ, ಕೆಲವು ವರ್ಷಗಳ ಹಿಂದೆ ವಿಜ್ಞಾನ ಮೇಳದ ಸಾಮಾನು ತುಂಬಿದ ಲಾರಿಯಲ್ಲಿ ನಾನು ಕೆ.ಆರ್. ನಗರದಿಂದ ಎಚ್.ಡಿ. ಕೋಟೆಗೆ ಹೊರಟಿದ್ದೆ. ಹುಣಸೂರು ಹತ್ತಿರವಾಗುತ್ತಿದ್ದಂತೆ, ಚಾಲಕರ ಎದುರಿಗಿದ್ದ ಉಷ್ಣತೆ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. "ಗಾಡಿ ಹೀಟ್ ಆಯ್ತು ಮೇಷ್ಟ್ರೇ" ಎಂದು ಅವರು ಲಾರಿಯನ್ನು ಬದಿಗೆ ನಿಲ್ಲಿಸಿದರು. ಮೇಳ ಇದ್ದದ್ದು ಮರುದಿನ ಬೆಳಿಗ್ಗೆ. ನನಗೇ ಜ್ವರ ಬಂದಂತಾಯಿತು!

ಎಂಜಿನ್ ಏಕೆ ಬಿಸಿಯಾಗುತ್ತದೆ ಗೊತ್ತೇ? ಡೀಸೆಲ್ ಉರಿಯುವ ಕ್ಷಣದಲ್ಲಿ ಸಿಲಿಂಡರಿನೊಳಗಿನ ಅನಿಲದ ಉಷ್ಣತೆ ಸುಮಾರು 2000 ಡಿಗ್ರಿ ಸೆಲ್ಸಿಯಸ್ ತಲುಪಬಹುದು. ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಸಾಕು. ಆದರೂ ಎಂಜಿನ್ ಕರಗುವುದಿಲ್ಲ. ಏಕೆಂದರೆ ಅದರ ಗೋಡೆಗಳ ಒಳಗೆ ನೀರು ಹರಿಯುತ್ತಾ ಶಾಖವನ್ನು ಹೊತ್ತು ರೇಡಿಯೇಟರಿಗೆ ಒಯ್ಯುತ್ತದೆ. ಲೋಟದ ಕಾಫಿಗಿಂತ ತಟ್ಟೆಗೆ ಸುರಿದ ಕಾಫಿ ಬೇಗ ಆರುತ್ತದೆಯಲ್ಲವೇ? ರೇಡಿಯೇಟರಿನಲ್ಲೂ ನೀರು ಸಣ್ಣ ಸಣ್ಣ ಕೊಳವೆಗಳಲ್ಲಿ ಹರಡಿ, ಫ್ಯಾನಿನ ಗಾಳಿಗೆ ತಣ್ಣಗಾಗಿ ಎಂಜಿನ್ನಿಗೆ ಮರಳುತ್ತದೆ. ನೀರನ್ನು ಓಡಿಸಲು ಒಂದು ಪಂಪ್ ಇದೆ. ದಾರಿಯಲ್ಲಿ ಒಂದು ಬಾಗಿಲೂ ಇದೆ. ಅದೇ ಥರ್ಮೋಸ್ಟ್ಯಾಟ್. ಅದರೊಳಗಿನ ಮೇಣ ಸುಮಾರು 80 ಡಿಗ್ರಿಗೆ ಕರಗಿ, ಹಿಗ್ಗಿ, ಬಾಗಿಲನ್ನು ತಳ್ಳಿ ತೆರೆಯುತ್ತದೆ.

ಕ್ಲೀನರ್ ಹುಡುಗ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲು ಹೋದ. ಚಾಲಕರು ಗದರಿ ನಿಲ್ಲಿಸಿದರು. ಅವರು ಮಾಡಿದ್ದು ಸರಿ. ಬಿಗಿಯಾದ ಮುಚ್ಚಳದೊಳಗೆ ಒತ್ತಡ ಹೆಚ್ಚಿರುವುದರಿಂದ, ಕುಕ್ಕರಿನಲ್ಲಿ ಆಗುವಂತೆ, ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರಬಲ್ಲದು. ಮುಚ್ಚಳ ತೆರೆದೊಡನೆ ಒತ್ತಡ ಇಳಿದು, ನೀರು ಥಟ್ಟನೆ ಕುದಿದು ಮುಖಕ್ಕೇ ಚಿಮ್ಮುತ್ತದೆ. ಹೀಗೆ ಮೈ ಸುಟ್ಟುಕೊಂಡವರಿದ್ದಾರೆ. ಕಾದ ಎಂಜಿನ್ನಿಗೆ ಒಮ್ಮೆಲೇ ತಣ್ಣೀರು ಸುರಿದರೆ ಲೋಹ ಬಿರುಕು ಬಿಡುವ ಅಪಾಯವೂ ಉಂಟು.

ಹುಣಸೂರಿನಿಂದ ಬಂದ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿಯುವ ಮೊದಲು ಪ್ರಶ್ನೆ ಕೇಳಿದರು. "ನಿಂತಾಗ ಹೀಟ್ ಆಗುತ್ತಾ, ಓಡುವಾಗಲಾ?" ನಿಂತಾಗ ಮಾತ್ರ ಬಿಸಿಯಾದರೆ ಫ್ಯಾನ್ ಅಥವಾ ಅದರ ಬೆಲ್ಟಿನ ಮೇಲೆ ಅನುಮಾನ. ಓಡುವಾಗ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡುತ್ತದಷ್ಟೆ. ಪಿರಿಯಾಪಟ್ಟಣ ದಾಟಿ ಮಡಿಕೇರಿ ಏರು ಹತ್ತುವಾಗ ಮಾತ್ರ ಬಿಸಿಯಾದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು: ಹೊರಗೆ ಹುಲ್ಲು, ದೂಳು, ಒಳಗೆ ಬೋರ್‌ವೆಲ್ ನೀರಿನ ಸುಣ್ಣ. ನಿಮ್ಮ ಬಚ್ಚಲ ಹಂಡೆಯೊಳಗೆ ಕಟ್ಟುವ ಬಿಳಿ ಪದರ ಇದೇ. ಅದು ಶಾಖವನ್ನು ಸುಲಭವಾಗಿ ದಾಟಲು ಬಿಡುವುದಿಲ್ಲ.

ನಮ್ಮ ಲಾರಿ ಓಡುವಾಗಲೇ, ಹೊರಟ ಸ್ವಲ್ಪ ಹೊತ್ತಿಗೇ, ಸಮತಟ್ಟು ರಸ್ತೆಯಲ್ಲೇ ಕಾದಿತ್ತು. ಎಂಜಿನ್ ತಣ್ಣಗಾದ ಮೇಲೆ ಮುಚ್ಚಳ ತೆರೆದರು. ನೀರು ಹೆಚ್ಚುಕಡಿಮೆ ತುಂಬಿತ್ತು. ಬೆಲ್ಟ್ ಬಿಗಿಯಾಗಿತ್ತು. ಮುಚ್ಚಳ ಹಾಕಿ ಎಂಜಿನ್ ಚಾಲೂ ಮಾಡಿ ಕಾದರು. ಮುಳ್ಳು ಮೇಲೇರಿತು. ಆದರೆ ರೇಡಿಯೇಟರಿಗೆ ಬರುವ ಮೇಲಿನ ರಬ್ಬರ್ ಕೊಳವೆ ಉಗುರುಬೆಚ್ಚಗಷ್ಟೇ ಇತ್ತು! ಅಂದರೆ ಬಿಸಿನೀರು ಎಂಜಿನ್ ಬಿಟ್ಟು ಹೊರಗೆ ಬರುತ್ತಲೇ ಇಲ್ಲ. ಬಾಗಿಲು ತೆರೆದಿಲ್ಲ, ಇಲ್ಲವೇ ಪಂಪ್ ಕೆಟ್ಟಿದೆ. ಎರಡರಲ್ಲಿ ಯಾವುದು?

ಬಿಚ್ಚಿ ಪರೀಕ್ಷಿಸಲು ಸುಲಭವಾದದ್ದು ಥರ್ಮೋಸ್ಟ್ಯಾಟ್. ಎಂಜಿನ್ ಮತ್ತೆ ತಣಿದ ಮೇಲೆ ಅದನ್ನು ಬಿಚ್ಚಿದರು. ಪಕ್ಕದ ಟೀ ಅಂಗಡಿಯಿಂದ ಕುದಿಯುವ ನೀರಿನ ಪಾತ್ರೆ ತರಿಸಿ, ದಾರ ಕಟ್ಟಿ ಇಳಿಬಿಟ್ಟರು. ನಾವೆಲ್ಲ ಬಗ್ಗಿ ನೋಡಿದೆವು. ಐದು ನಿಮಿಷವಾದರೂ ಅದು ಬಾಯಿ ಬಿಡಲಿಲ್ಲ. ಜೊತೆಗೆ ತಂದಿದ್ದ ಹೊಸದನ್ನು ಅದೇ ನೀರಿಗೆ ಬಿಟ್ಟಾಗ ನಿಧಾನವಾಗಿ ತೆರೆದುಕೊಂಡಿತು. "ಇದನ್ನು ಕಿತ್ತೆಸೆದು ಹಾಗೇ ಓಡಿಸುವವರೂ ಇದ್ದಾರೆ" ಎಂದರು ಮೆಕ್ಯಾನಿಕ್. ಅದು ಸರಿಯಲ್ಲ. ಆಗ ಎಂಜಿನ್ ಬೇಕಾದಷ್ಟು ಬೆಚ್ಚಗಾಗಲು ತಡವಾಗಿ ಡೀಸೆಲ್ ಹೆಚ್ಚು ಸುಡುತ್ತದೆ.

ಹೊಸದನ್ನು ಜೋಡಿಸಿ ಚಾಲೂ ಮಾಡಿದಾಗ ಮೇಲಿನ ಕೊಳವೆ ಚುರುಕ್ಕೆನ್ನುವಷ್ಟು ಬಿಸಿಯಾಯಿತು, ಮುಳ್ಳು ನಡುವೆ ನಿಂತಿತು. ರಾತ್ರಿ ಎಂಟಕ್ಕೆ ಕೋಟೆ ಸೇರಿದೆವು. ಆ ಹಳೆಯ ಥರ್ಮೋಸ್ಟ್ಯಾಟ್ ಈಗ ನನ್ನ ಕಿಟ್ ಪೆಟ್ಟಿಗೆಯಲ್ಲಿದೆ. ನಿಮ್ಮ ಶಾಲೆಗೆ ಬಂದಾಗ ಕೇಳಿ, ತೋರಿಸುತ್ತೇನೆ.