ಗಾಜಿಲ್ಲದ ಕಟ್ಟು

ಭಂಕೂರಿನ ನಮ್ಮ ಮನೆಯ ಪಡಸಾಲೆಯಲ್ಲಿ, ಬಾಗಿಲಿಗೆ ಎದುರಾಗಿ ಅಜ್ಜನ ಫೋಟೊ ಇತ್ತು. ಹಗಲಲ್ಲಿ ಅದರೊಳಗೆ ಅಜ್ಜ ಕಾಣುತ್ತಿರಲಿಲ್ಲ. ಬಾಗಿಲು, ಅಂಗಳ, ಅಂಗಳದಾಚೆ ಒಟ್ಟಿದ ಪರಸಿ ಕಲ್ಲಿನ ಮೇಲೆ ಉರಿಯುವ ಬಿಸಿಲು, ಇವೇ ಕಾಣುತ್ತಿದ್ದವು. ಅಜ್ಜನ ಮುಖ ನೋಡಬೇಕೆಂದರೆ ಕದ ಮುಂದೆ ಮಾಡಬೇಕು.

ಒಂದು ಮಳೆಗಾಲ ಗೋಡೆಗೆ ತಂಪು ಹಿಡಿದು, ಫೋಟೊ ಗಾಜಿಗೇ ಅಂಟಿಬಿಟ್ಟಿತು. ಹಳೆಯ ಕಪ್ಪುಬಿಳುಪು ಫೋಟೊದ ಮೇಲ್ಪದರ ಜೆಲಟಿನ್. ತೇವ ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ, ಒಣಗುವಾಗ ತಾಗಿದ್ದನ್ನು ಕಚ್ಚಿ ಹಿಡಿಯುತ್ತದೆ. ನಾನು ಬಿಡಿಸಲು ಹೋದೆ. ಅಜ್ಜನ ಎಡಗೆನ್ನೆ ಗಾಜಿನ ಮೇಲೇ ಉಳಿಯಿತು. ಎಳೆಯದೆ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಬೇಕಿತ್ತೆಂದು ಗೊತ್ತಾದದ್ದು ಆಮೇಲೆ. ಗಾಜಿಲ್ಲದೆ ಫೋಟೊಕ್ಕೆ ಕಟ್ಟು ಹಾಕುವ ಕೆಲಸದ ಬಗ್ಗೆ ನಾನು ವಿಚಾರಿಸತೊಡಗಿದ್ದು ಆ ನೋವಿನಿಂದ.

“ಕಾಚ್ ಇಲ್ದೇ ಹ್ಯಾಂಗ ಉಳೀತದ್ರಿ?” ಎಂದು ಕಟ್ಟು ಹಾಕುವವರು ಕೇಳಿದರು. ಸರಿಯಾದ ಪ್ರಶ್ನೆಯೇ. ನಮ್ಮ ಕಲಬುರಗಿಯಲ್ಲೇ ಹುಟ್ಟಿದ ಚಿತ್ರಕಾರ ಎಸ್.ಎಂ. ಪಂಡಿತರ (1916–1993) ಚಿತ್ರಗಳನ್ನು ನೆನೆಯಿರಿ. ತೈಲಚಿತ್ರಕ್ಕೆ ಗಾಜು ಬೇಕಿಲ್ಲ, ವಾರ್ನಿಷ್ಷೇ ಅದರ ಕವಚ. ಅವರ ದೇವರ ಚಿತ್ರ ಕ್ಯಾಲೆಂಡರಿನ ಕಾಗದಕ್ಕೆ ಇಳಿದು ಮನೆಮನೆಗೆ ಬಂದಾಗ ಗಾಜು ಬೇಕಾಯಿತು. ಅಂದರೆ ಗಾಜು ತೆಗೆದರೆ, ಅದು ಮಾಡುತ್ತಿದ್ದ ಕೆಲಸವನ್ನು ಇನ್ನೊಂದಕ್ಕೆ ವಹಿಸಬೇಕು.

ಇದು ಹೊಸ ವಿದ್ಯೆಯೇನಲ್ಲ. ನಮ್ಮ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದವರು ರಾಜಾ ದೀನ್ ದಯಾಳ್ (1844–1905). ಆ ಕಾಲದ ಫೋಟೊ ಎಂದರೆ ತತ್ತಿಯ ಬಿಳಿಲೋಳೆ ಬಳಿದ ತೆಳು ಕಾಗದ. ಬಿಟ್ಟರೆ ಸುರುಳಿ ಸುತ್ತುತ್ತದೆ. ಅದಕ್ಕೆಂದೇ ಅದನ್ನು ದಪ್ಪ ರಟ್ಟಿಗೆ ಅಂಟಿಸುತ್ತಿದ್ದರು, ಮೇಲೆ ಮೇಣ ತಿಕ್ಕಿ ಹೊಳಪೇರಿಸುವ ರೂಢಿಯೂ ಇತ್ತು. ಮುಂದೆ ಬೆಂಗಳೂರಿನ ಛಾಯಾಗ್ರಾಹಕರಾದ ಡಾ. ಜಿ. ಥಾಮಸ್, ಟಿ.ಎನ್.ಎ. ಪೆರುಮಾಳ್ ಮೊದಲಾದವರ ತಲೆಮಾರಿನಲ್ಲಿ, 1971ರಲ್ಲಿ ಹುಟ್ಟಿದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಸಂಘಗಳ ದಿನಗಳಲ್ಲಿ, ಸ್ಪರ್ಧೆಯ ಪ್ರಿಂಟುಗಳು ರಟ್ಟು ಕಟ್ಟಿಕೊಂಡು ಅಂಚೆಯಲ್ಲಿ ದೇಶ ಸುತ್ತುತ್ತಿದ್ದವು. ಅಂಚೆಯಲ್ಲಿ ಗಾಜು ಉಳಿಯುವುದಿಲ್ಲ. ತೀರ್ಪುಗಾರರು ನೋಡುತ್ತಿದ್ದುದು ಬರಿಯ ಕಾಗದದ ಮೈಯನ್ನೇ.

ಗಾಜು ಮರೆಸುವಂಥದ್ದು ಆ ಮೈಯಲ್ಲಿ ಏನಿದೆ? ಮಾಮೂಲಿ ಗಾಜಿನ ಒಂದೊಂದು ಮಗ್ಗುಲೂ ಬಿದ್ದ ಬೆಳಕಿನ ನೂರರಲ್ಲಿ ಸುಮಾರು 4 ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಎರಡೂ ಸೇರಿ 8. ಒಳ್ಳೆಯ ಪ್ರಿಂಟಿನ ಕಡುಗಪ್ಪು ಅಷ್ಟು ಬೆಳಕನ್ನೂ ಎಸೆಯುವುದಿಲ್ಲ. ಹಾಗಾಗಿ ಮೊದಲು ಮುಳುಗುವುದು ಕಪ್ಪಿನೊಳಗಿನ ಸೂಕ್ಷ್ಮ: ಅಜ್ಜನ ತಲೆಯ ಪಟಗದ ಮಡಿಕೆ, ಹುಬ್ಬಿನ ಕೆಳಗಿನ ನೆರಳು.

ಅಜ್ಜನ ಫೋಟೊವನ್ನು ಸ್ಕ್ಯಾನ್ ಮಾಡಿಸಿ, ಹತ್ತಿಯ ಕಾಗದದ ಮೇಲೆ ಹೊಸದಾಗಿ ಪ್ರಿಂಟ್ ಮಾಡಿಸಿದೆ. ಒಂದು ಪೂರ್ತಿ ದಿನ ಬಿಚ್ಚಿಟ್ಟು ಮಸಿ ಆರಲು ಬಿಟ್ಟಾಯಿತು. ಆಮೇಲೆ ವಾರ್ನಿಷ್ ಸ್ಪ್ರೇ. ಒಮ್ಮೆ ಅಡ್ಡ, ಒಣಗಿದ ಮೇಲೆ ಒಮ್ಮೆ ಉದ್ದ, ಮತ್ತೊಮ್ಮೆ ಅಡ್ಡ. ಪ್ರತಿ ಸಲವೂ ತೆಳುವಾಗಿ. ಒಂದೇ ಸಲ ದಪ್ಪಗೆ ಹೊಡೆದರೆ ಹನಿಗಟ್ಟುತ್ತದೆ, ಮಳೆಯ ದಿನ ಹೊಡೆದರೆ ಬಿಳಿ ಮಬ್ಬು ಕೂರುತ್ತದೆ. ಕಿಟಕಿ ತೆರೆದರೆ ಕಲ್ಲಿನ ಧೂಳು, ಮುಚ್ಚಿದರೆ ಸ್ಪ್ರೇಯ ಘಾಟು. ಕೊನೆಗೆ ಗಾಳಿ ನಿಂತ ಒಂದು ನಸುಕಿನಲ್ಲಿ, ಮಾಸ್ಕ್ ಹಾಕಿಕೊಂಡು ಮುಗಿಸಿದೆವು.

ವಾರ್ನಿಷ್ ಆದ ಮೇಲೆ ಮೇಣ. ಅದರ ಕೆಲಸ ನೋಡಲು ಚೆಂದ. ಸಂರಕ್ಷಣೆಯವರು ಬಳಸುವ ಬಣ್ಣವಿಲ್ಲದ ಮೇಣವನ್ನು ಮೆತ್ತನೆ ಅರಿವೆಯ ತುದಿಗೆ ಕಡಲೆಕಾಳಿನಷ್ಟು ತೆಗೆದುಕೊಂಡು, ಕೈಭಾರ ಹಾಕದೆ ಸುತ್ತುಸುತ್ತಾಗಿ ಸವರುವುದು, ಮತ್ತೊಂದು ಅರಿವೆಯಿಂದ ತಿಕ್ಕುವುದು. ಪರಸಿ ಪಾಲಿಶ್ ನೋಡುತ್ತಾ ಬೆಳೆದ ನಮಗೆ ಇದು ಕೂಡಲೇ ಅರ್ಥವಾಗುತ್ತದೆ. ಒಣಗಿದಾಗ ಬೂದಿಬಣ್ಣಕ್ಕೆ ತಿರುಗಿದ ಕಲ್ಲು ನೀರು ಬಿದ್ದೊಡನೆ ಹೇಗೆ ಒಳಗಿನ ಬಣ್ಣ ತೋರಿಸುತ್ತದೆಯೋ, ಹಾಗೆ ಪಟಗದ ನೆರಳು ಆಳಕ್ಕಿಳಿಯಿತು. ಕಲ್ಲಿನ ನೀರು ಆರುತ್ತದೆ, ಇದು ಆರಲಿಲ್ಲ.

ಆಮೇಲೆ ಪ್ರಿಂಟನ್ನು ಅಲ್ಯೂಮಿನಿಯಂ ಹಾಳೆಗೆ ಅಂಟಿಸಿ, ಸಾಗುವಾನಿಯ ಚೌಕಟ್ಟಿನೊಳಗೆ ಸುತ್ತಲೂ ಬೆರಳ ದಪ್ಪಕ್ಕಿಂತ ಕಡಿಮೆ ಸಂದು ಬಿಟ್ಟು ಕೂರಿಸಿದರು. ಮರ ಫೋಟೊಕ್ಕೆ ತಾಗುವುದಿಲ್ಲ. ಚಿತ್ರ ಚೌಕಟ್ಟಿನ ನಡುವೆ ತೇಲಿದಂತಿರುತ್ತದೆ. ಹಿಂದಿನ ಕೆಳಮೂಲೆಗಳಿಗೆ ಎರಡು ಬಿರಡೆಯ ತುಂಡು ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಆಡುತ್ತದೆ, ತಂಪು ಏರುವುದಿಲ್ಲ.

ಈಗ ಎಲ್ಲೆಡೆ ಸಿಗುವ ಲ್ಯಾಮಿನೇಷನ್ ಫೋಟೊದಲ್ಲೂ ಗಾಜಿಲ್ಲವಲ್ಲ ಎನ್ನಬಹುದು. ಅಗ್ಗ, ಹಗುರ, ಒಡೆಯುವುದಿಲ್ಲ. ಅದನ್ನು ನಾನು ಹಳಿಯುವುದಿಲ್ಲ. ಆದರೆ ಕಾಗದದ ಮೇಲೆ ಅಲ್ಲಿರುವುದು ಪ್ಲಾಸ್ಟಿಕ್ ಪದರ. ಅದು ಗುಳ್ಳೆ ಎದ್ದರೆ ಫೋಟೊ ಹಾಳಾಗದಂತೆ ಬಿಡಿಸಲಾಗದು. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಮನೆಯಲ್ಲಿ ಒಂದೇ ಪ್ರತಿ ಇರುವ ಹಳೆಯ ಫೋಟೊಕ್ಕೆ ವಾರ್ನಿಷ್, ಮೇಣ, ಅಂಟು ಯಾವುದನ್ನೂ ಮುಟ್ಟಿಸಬೇಡಿ. ಅದನ್ನು ಸ್ಕ್ಯಾನ್ ಮಾಡಿಸಿ, ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಿ. ಗೋಡೆಗೆ ಹೊಸ ಪ್ರಿಂಟ್ ಇರಲಿ.

ಸ್ಕ್ಯಾನಿನಲ್ಲಿ ಹರಿದ ಎಡಗೆನ್ನೆಯನ್ನು ತಿದ್ದಿ ಕೊಡುತ್ತೇವೆಂದರು. ಬೇಡವೆಂದೆ. ಬಿಳಿಯ ಗಾಯ ಹಾಗೆಯೇ ಇದೆ, ಅದೇ ಗೋಡೆಯ ಮೇಲೆ. ಹಗಲಲ್ಲೂ ಅಜ್ಜ ಕಾಣುತ್ತಾರೆ.

ಧೂಳು ಮಾತ್ರ ನಿತ್ಯದ್ದು. ಅದರಲ್ಲಿರುವ ಗಟ್ಟಿ ಹರಳು ಅರಿವೆಯ ಕೆಳಗೆ ಸಿಕ್ಕರೆ ಗೀರು ಬೀಳುತ್ತದೆ. ಮೊದಮೊದಲು ಅವ್ವ ರೂಢಿಯಂತೆ ಹಸಿ ಅರಿವೆ ಹಿಡಿದು ಬರುತ್ತಿದ್ದಳು. ಈಗ ಆಡಿನ ಕೂದಲಿನ ಅಗಲ ಕುಂಚದಿಂದ ಮೇಲಿನಿಂದ ಕೆಳಕ್ಕೆ, ಮಗುವಿನ ಮುಖ ಸವರಿದ ಹಾಗೆ ಜಾಡಿಸುತ್ತಾಳೆ. ಕುಂಚ ಫೋಟೊದ ಪಕ್ಕದ ಮೊಳೆಗೇ ತೂಗಿದೆ.