ಬಗಲು ಕೆಟ್ಟ ಟೀ ಶರ್ಟಿಗೆ ಬೇಸಿಗೆಯ ಕೆಲಸ

ಬಳ್ಳಾರಿ ಹತ್ತಿರದ ಮೋಕದ ಸುತ್ತಿನ ಎರೆಹೊಲದ ಊರುಗಳಲ್ಲಿ ಹಳೆ ಬಟ್ಟೆ ಸುಮ್ಮನೆ ಬಿದ್ದಿದ್ದು ಕಡಿಮೆ. ಸವೆದ ಸೀರೆ, ಧೋತರ ಕೌದಿಯಾಗುತ್ತವೆ. ಗಂಡಸರ ಹಳೆಯ ತುಂಬುತೋಳಿನ ಅಂಗಿ ಹತ್ತಿ ಬಿಡಿಸಲು, ಮೆಣಸಿನಕಾಯಿ ಕೊಯ್ಯಲು ಹೋಗುವ ಹೆಂಗಸರ ಸೀರೆಯ ಮೇಲೇರಿ ಬಿಸಿಲು ತಡೆಯುತ್ತದೆ. ಉಳಿದವು ಸ್ಟೀಲ್ ಪಾತ್ರೆ ಮಾರುವವರ ಗಂಟು ಸೇರುತ್ತವೆ. ಈ ಏರ್ಪಾಡಿನಲ್ಲಿ ಸರಿಯಾದ ಜಾಗ ಸಿಗದೆ ಉಳಿದದ್ದು ಟೀ ಶರ್ಟ್. ಮನೆಮನೆಯಲ್ಲೂ ರಾಶಿ ಬಿದ್ದಿರುತ್ತದೆ, ಕೊನೆಗೆ ಬೈಕ್ ಒರೆಸುವ ಅರಿವೆಯಾಗುತ್ತದೆ. ಅದನ್ನು ಕತ್ತರಿಸಿ ಬೇಸಿಗೆಯ ತೋಳಿಲ್ಲದ ಟಾಪ್ ಮಾಡುವ ಕೆಲಸ ಈಚೆಗೆ ಮೊಬೈಲ್ ವಿಡಿಯೊಗಳ ಮೂಲಕ ಹಬ್ಬುತ್ತಿದೆ. ಪಟ್ಟಣದ ಹುಡುಗಿಯರ ಶೋಕಿ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ಆದರೆ ಲೆಕ್ಕ ಹಾಕಿ ನೋಡಿದರೆ ಇದು ಕೌದಿಯ ಬುದ್ಧಿಯೇ. ಬಟ್ಟೆಯ ಜಾತಿ ಬೇರೆಯಾದ್ದರಿಂದ ದಾರಿ ಬೇರೆಯಾಗಿದೆ.

ಕೌದಿಗೆ ಬೇಕಾದ್ದು ಮಗ್ಗದಲ್ಲಿ ನೇಯ್ದ ಬಟ್ಟೆ. ಪದರದ ಮೇಲೆ ಪದರ ಹಾಸಿ ಸಾಲುಸಾಲಾಗಿ ಹೊಲಿಗೆ ಹಾಕಿದರೆ ಅದು ಅಲುಗದೆ ಕೂರುತ್ತದೆ. ಟೀ ಶರ್ಟಿನದು ಸ್ವೆಟರಿನಂತೆ ಹೆಣೆದ ಬಟ್ಟೆ, ನೂಲಿನ ಕುಣಿಕೆಯೊಳಗೆ ಕುಣಿಕೆ. ಎಳೆದರೆ ಹಿಗ್ಗುತ್ತದೆ, ಬಿಗಿದು ಹೊಲಿದರೆ ಸುಕ್ಕುಗಟ್ಟುತ್ತದೆ. ಊರೂರು ತಿರುಗಿ ಕೂಲಿಗೆ ಕೌದಿ ಹೊಲಿಯುವ ಹೆಂಗಸರಿಗೆ ಇಂಥ ಬಟ್ಟೆ ಒಗ್ಗುವುದು ಕಷ್ಟ. ಕೌದಿಗೆ ದೋಷವಾದ ಈ ಗುಣವೇ ಟಾಪ್‌ಗೆ ಅನುಕೂಲ. ಕತ್ತರಿಸಿದ ಅಂಚು ಸೀರೆಯ ಅಂಚಿನಂತೆ ಎಳೆ ಬಿಡುವುದಿಲ್ಲ, ಸ್ವಲ್ಪ ಸುರುಳಿಯಾಗುತ್ತದೆ ಅಷ್ಟೆ. ತಲೆಯ ಮೇಲಿಂದ ಎಳೆದು ಹಾಕಿಕೊಳ್ಳುವುದರಿಂದ ಗುಂಡಿ, ಜಿಪ್ಪು ಬೇಡ. ಇದಕ್ಕಿಂತ ಮುಖ್ಯವಾದ ಮಾತೆಂದರೆ ಟೀ ಶರ್ಟ್ ಎಲ್ಲ ಕಡೆ ಒಂದೇ ಸಮ ಹಾಳಾಗುವುದಿಲ್ಲ. ಕೊರಳಪಟ್ಟಿ ಸಡಿಲಾಗುತ್ತದೆ, ಬಗಲಲ್ಲಿ ಬೆವರಿನ ಹಳದಿ ಕಲೆ ಕೂತು ಬಟ್ಟೆ ಬಿರುಸಾಗುತ್ತದೆ. ಎದೆ, ಬೆನ್ನಿನ ಭಾಗ ಮಾತ್ರ ತೊಳೆದು ತೊಳೆದು ಇನ್ನಷ್ಟು ಮೆತ್ತಗಾಗಿರುತ್ತದೆ. ಕೊರಳನ್ನು ಪಟ್ಟಿಯ ಕೆಳಗೆ ಎರಡು ಬೆರಳಿನಷ್ಟು, ತೋಳನ್ನು ಹೊಲಿಗೆಯಿಂದ ಒಳಕ್ಕೆ ತುಸು ಕತ್ತರಿಸಿದರೆ ಹೋಗುವುದು ಕೆಟ್ಟ ಭಾಗವೇ. ಕೆಳಗಿನ ಮಡಿಕೆಯನ್ನು ಮುಟ್ಟಬಾರದು, ಅದು ಕಾರ್ಖಾನೆಯಲ್ಲೇ ಅಚ್ಚುಕಟ್ಟಾಗಿ ಕೂತಿದೆ. ತೆಗೆದ ತೋಳಿನ ಕೆಳತುದಿಯಿಂದ ಅಡ್ಡಡ್ಡ ಪಟ್ಟಿ ಬಿಡಿಸಿ ಕೊರಳಿಗೂ ಬಗಲಿಗೂ ಕೂರಿಸಬಹುದು. ಬರೀ ಕೈಹೊಲಿಗೆ ಸಾಕು, ಹೊಲಿಯುವಾಗ ದಾರವನ್ನು ತೀರ ಬಿಗಿಯಬಾರದು. ಬಿಗಿದರೆ ಹಾಕಿಕೊಳ್ಳುವಾಗ ಬಟ್ಟೆ ಹಿಗ್ಗಿ ದಾರ ಕಡಿಯುತ್ತದೆ.

ಇಷ್ಟು ಸುಲಭವಾದರೆ ಪಕ್ಕದ ಬಳ್ಳಾರಿಯೇ ಇದನ್ನು ಉದ್ಯಮ ಮಾಡಬಹುದಲ್ಲ, ಜೀನ್ಸಿಗೆ ಹೆಸರಾದ ಊರು, ಎಂಬ ಪ್ರಶ್ನೆ ಬರುತ್ತದೆ. ದಂಡು ಪ್ರದೇಶದ ಸೈನಿಕರಿಗೆ ಸಮವಸ್ತ್ರ ಹೊಲಿಯಲು ಬಂದ ದರ್ಜಿಗಳಿಂದ ಅಲ್ಲಿ ಹೊಲಿಗೆ ಬೇರು ಬಿಟ್ಟಿತೆಂದು ಹೇಳುತ್ತಾರೆ. ಈಗ ನಗರದ ಅನೇಕ ಮನೆಗಳಿಗೆ ಜೀನ್ಸ್ ಹೊಲಿಗೆಯೇ ಅನ್ನ. ಆದರೆ ಆ ಕೈಚಳಕ ಟೀ ಶರ್ಟಿನ ಕೆಲಸಕ್ಕೆ ನೇರವಾಗಿ ಹೊಂದುವುದಿಲ್ಲ. ದಪ್ಪ ಡೆನಿಮ್‌ಗೆ ಹಾಕುವ ಚೂಪು ಸೂಜಿ ಹೆಣೆದ ಬಟ್ಟೆಯ ಕುಣಿಕೆ ಕಡಿದು ತೂತು ಮಾಡುತ್ತದೆ. ಇದಕ್ಕೆ ಮೊನೆ ದುಂಡಗಿರುವ ಸೂಜಿ ಬೇಕು. ಜೀನ್ಸಿನ ಕೆಲಸ ಹಂಚಿಕೆಯದು: ಒಬ್ಬರು ಜೇಬು, ಇನ್ನೊಬ್ಬರು ಜಿಪ್ಪು, ಹೀಗೆ ನೂರಾರು ಒಂದೇ ಅಳತೆಯ ತುಂಡುಗಳು. ಹಳೆ ಟೀ ಶರ್ಟಿನಲ್ಲಿ ಪ್ರತಿಯೊಂದರ ಕಲೆ, ಸವಕಲು ಬೇರೆ; ಒಬ್ಬರೇ ಕೈಯಲ್ಲಿ ಹಿಡಿದು ನೋಡಿ ತೀರ್ಮಾನಿಸಬೇಕು. ಹೀಗಾಗಿ ಇದು ಮನೆಯ, ಹೆಚ್ಚೆಂದರೆ ಓಣಿಯ ಟೈಲರ್ ಅಕ್ಕನ ಕೆಲಸ. ಕೂಲಿ ಕೊಟ್ಟು ಮಾಡಿಸಿ ಮಾರಲು ಹೊರಟರೆ ಸಂತೆಯ ಅಗ್ಗದ ಹೊಸ ಟಾಪಿನೆದುರು ನಿಲ್ಲುವುದಿಲ್ಲ ಎಂಬ ಆಕ್ಷೇಪವನ್ನು ಒಪ್ಪಲೇಬೇಕು. ಹಾಗೆಂದು ಕೆಲಸವೇ ವ್ಯರ್ಥವೇ? ಕೌದಿಯೂ ಅಂಗಡಿಯ ಹೊದಿಕೆಯೊಂದಿಗೆ ಬೆಲೆಯಲ್ಲಿ ಸ್ಪರ್ಧಿಸಿ ಉಳಿದದ್ದಲ್ಲ. ಇನ್ನು ನೀರಿನ ಲೆಕ್ಕವೂ ಇದೆ: ಒಂದು ಕಿಲೊ ಹತ್ತಿ ಬಟ್ಟೆಗೆ ಜಾಗತಿಕ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ಎಂಬ ಅಂದಾಜಿದೆ. ಕಾಲು ಕಿಲೊದ ಟೀ ಶರ್ಟಿಗೆ 2,500 ಲೀಟರ್. ಹತ್ತಿ ಬೆಳೆದು, ಹಗರಿ ಹೊಳೆ ಬತ್ತುವುದನ್ನೂ ಕಂಡಿರುವ ಸೀಮೆಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಆದರೆ ಹಳೆಯದನ್ನು ತಿದ್ದಿಕೊಂಡೂ ಹೊಸದನ್ನು ಕೊಂಡರೆ ಹನಿ ನೀರೂ ಉಳಿಯದು.

ಹಳ್ಳಿಯಲ್ಲಿ ತೋಳಿಲ್ಲದ್ದನ್ನು ಯಾರು ತೊಡುತ್ತಾರೆ ಎಂಬುದು ಇನ್ನೊಂದು ಮಾತು. ಸರಿಯೇ, ಮೇಲಾಗಿ 40 ಡಿಗ್ರಿ ದಾಟುವ ಬಿಸಿಲಲ್ಲಿ ಹೊಲಕ್ಕೆ ತುಂಬುತೋಳೇ ಜಾಣತನ. ಟಾಪ್ ಇರುವುದು ನೆರಳಿಗೆ: ಮಧ್ಯಾಹ್ನ ಕರೆಂಟ್ ಹೋದ ಮನೆಗೆ, ರಾತ್ರಿ ಮಾಳಿಗೆಯ ಮೇಲೆ ಮಲಗಲು, ಮಕ್ಕಳಿಗೆ. ಬೇಡವೆನ್ನುವವರು ಕೊರಳನ್ನು ತಿದ್ದಿ, ತೋಳನ್ನು ಅರ್ಧಕ್ಕೆ ಇಳಿಸಿಕೊಳ್ಳಬಹುದು. ನಿಜವಾದ ಅಡ್ಡಿ ಬಟ್ಟೆಯದೇ. ಪ್ರಚಾರಕ್ಕೆ, ಕ್ರಿಕೆಟ್ ಟೂರ್ನಿಗೆ ಹಂಚುವ ಜಾರುವ ಟೀ ಶರ್ಟುಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್. ಅದು ಬೆವರು ಹೀರದು, ಹೇಗೆ ಕತ್ತರಿಸಿದರೂ ನಮ್ಮ ಸೆಕೆಗೆ ಅಂಟಿಕೊಳ್ಳುತ್ತದೆ. ಗುರುತಿಸಲು ಒಂದೆಳೆಯನ್ನು ಸುಟ್ಟು ನೋಡಿದರೆ ಸಾಕು: ಹತ್ತಿ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಣಿಯಾದದ್ದನ್ನು ತೋಳು ತೆಗೆದು, ಕೆಳಗಿನ ಬಾಯಿ ಹೊಲಿದು ಸಂತೆಯ ಕೈಚೀಲ ಮಾಡಿಕೊಳ್ಳುವುದು ಲೇಸು.