ಗಾನದಿಂದ ಗುಣವೆ?

ರಾಗವನ್ನು ಕೇಳಿ ರೋಗಿಯು ಚೇತರಿಸಿಕೊಂಡನೆಂಬ ಮಾತು ನಮ್ಮಲ್ಲಿ ಹಳೆಯದು. ಅವನನ್ನು ಎಬ್ಬಿಸಿದ್ದು ರಾಗವೋ, ಔಷಧವೋ, ಕಾಲವೋ, ಹಾಸಿಗೆಯ ಬಳಿ ಯಾರೋ ಬಂದು ಕುಳಿತರೆಂಬ ಸಮಾಧಾನವೋ? ಇವನ್ನು ಬೇರ್ಪಡಿಸುವುದೇ ಪರೀಕ್ಷಕನ ಕಷ್ಟ.

ಫಿನ್ಲೆಂಡಿನಲ್ಲಿ ಟೆಪ್ಪೊ ಸ್ಯಾರ್ಕ್ಯಾಮೊ ಮತ್ತು ಸಂಗಡಿಗರು ನಡೆಸಿ 2008ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದನ್ನು ನೋಡೋಣ. ಮೆದುಳಿಗೆ ಆಘಾತವಾಗಿ ಆಸ್ಪತ್ರೆ ಸೇರಿದ 60 ಮಂದಿಯನ್ನು, ಚೀಟಿ ಎತ್ತಿದಂತೆ, ಮೂರು ಗುಂಪು ಮಾಡಿದರು. ವೈದ್ಯನೇ ಆರಿಸಿದ್ದರೆ, ಗೆಲುವಾಗಿರುವವರನ್ನು ತನಗರಿಯದೆಯೇ ಸಂಗೀತದ ಕಡೆಗೆ ಸೇರಿಸಿಬಿಡಬಹುದಷ್ಟೆ. ಮೊದಲ ಗುಂಪಿನವರು ಎರಡು ತಿಂಗಳು, ದಿನವೂ, ತಮಗೆ ಪ್ರಿಯವಾದ ಸಂಗೀತವನ್ನು ಕೇಳಿದರು. ಎರಡನೆಯವರು ಧ್ವನಿಮುದ್ರಿತ ಪುಸ್ತಕವಾಚನವನ್ನು ಕೇಳಿದರು. ಮೂರನೆಯವರಿಗೆ ಎರಡೂ ಇಲ್ಲ. ಪರೀಕ್ಷೆಯ ಜೀವಾಳವಿರುವುದು ಆ ಎರಡನೆಯ ಗುಂಪಿನಲ್ಲಿ. ಅದಿಲ್ಲದಿದ್ದರೆ, ಏನೋ ಒಂದು ಕಿವಿಗೆ ಬಿದ್ದು ಹೊತ್ತು ಹೋದುದರ ಫಲವನ್ನೆಲ್ಲ ನಾವು ಸಂಗೀತದ ಲೆಕ್ಕಕ್ಕೆ ಬರೆದುಬಿಡುತ್ತಿದ್ದೆವು.

ಔಷಧದ ಪರೀಕ್ಷೆಯಲ್ಲಿ ಸಕ್ಕರೆಯ ಗುಳಿಗೆ ಕೊಟ್ಟು ರೋಗಿಗೆ ಮರೆಮಾಡಬಹುದು. ಗಾನವನ್ನು ಕೇಳುವವನಿಗೆ ಮರೆಮಾಡುವುದೆಂತು? ಆದುದರಿಂದ ಮನಶ್ಶಕ್ತಿಯನ್ನು ಅಳೆಯುವವರಿಗೆ ಯಾರು ಯಾವ ಗುಂಪಿನವರೆಂಬುದು ತಿಳಿಯದಂತೆ ಏರ್ಪಡಿಸಿದರು.

ಕೊನೆಯವರೆಗೆ ಉಳಿದವರು 54 ಮಂದಿ. ಮಾತನ್ನು ನೆನಪಿಡುವ ಶಕ್ತಿಯೂ ಏಕಾಗ್ರತೆಯೂ ಸಂಗೀತದವರಲ್ಲಿ ಉಳಿದೆರಡು ಗುಂಪಿಗಿಂತ ಹೆಚ್ಚಾಗಿ ಮರಳಿದುವು. ಭಾಷಣ ಮಾಡುವ ನಮ್ಮಂತಹವರಿಗೆ ಇದು ಅಷ್ಟೇನೂ ಹಿತವಾದ ವಾರ್ತೆಯಲ್ಲ! ಆದರೆ ಮನಸ್ಸಿನ ಕುಗ್ಗು ಸಂಗೀತದವರಲ್ಲಿ ಕಡಮೆಯಾಗಿದ್ದುದು ಮೂರನೆಯ ಗುಂಪಿಗೆ ಹೋಲಿಸಿದಾಗ ಮಾತ್ರ ಸ್ಪಷ್ಟವಾಯಿತು. ಆ ನೆಮ್ಮದಿಯನ್ನು ಗಾನವೊಂದರದೇ ಎನ್ನುವಂತಿಲ್ಲ.

ಲಕ್ವ ಹೊಡೆದವರಿರುವ ಮನೆಗಳಲ್ಲಿ ಇದನ್ನು ಕೇಳುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು: ಆಸ್ಪತ್ರೆಯ ಚಿಕಿತ್ಸೆಯನ್ನು ಆ ಮೂರು ಗುಂಪುಗಳಲ್ಲಿ ಯಾರಿಗೂ ನಿಲ್ಲಿಸಿರಲಿಲ್ಲ.